ಐಸ್ ಮೇಲೆ ಸ್ಕೇಟ್ ಜಾರೋದ್ಯಾಕೆ? ನೂರು ವರ್ಷ ಬದುಕಿದ ಒಂದು ತಪ್ಪು ಉತ್ತರದ ಕಥೆ

ಇವತ್ತಿನ ಸಂಚಿಕೆ ಶುರು ಮಾಡೋಕೆ ಮುಂಚೆ ನಿಮಗೊಂದು ಸಣ್ಣ ಕೆಲಸ. ಮನೆಯಲ್ಲಿದ್ರೆ ಫ್ರಿಜ್‌ನಿಂದ ಎರಡು ಐಸ್ ತುಂಡು ತೆಗೆದು ಹೊರಗಿಡಿ. ಮೇಲ್ಭಾಗ ಸ್ವಲ್ಪ ಒದ್ದೆಯಾಗಲಿ. ಆಮೇಲೆ ಒಂದಕ್ಕೊಂದು ಮೆಲ್ಲಗೆ ತಾಗಿಸಿ ಹಿಡಿಯಿರಿ. ಒತ್ತಬೇಡಿ, ಸುಮ್ಮನೆ ತಾಗಿಸಿ. ಸ್ವಲ್ಪ ಹೊತ್ತಿಗೆ ಎರಡೂ ಅಂಟಿಕೊಂಡುಬಿಡುತ್ತವೆ. ಬಸ್ಸಿನಲ್ಲಿ ಕೂತು ಕೇಳ್ತಾ ಇರೋರು ಜ್ಯೂಸ್ ಅಂಗಡಿಯ ಐಸ್ ಡಬ್ಬ ನೆನಪಿಸಿಕೊಳ್ಳಿ. ಬಿಡಿಬಿಡಿಯಾಗಿ ತಂದು ಹಾಕಿದ ತುಂಡುಗಳು ಸಂಜೆ ಹೊತ್ತಿಗೆ ಒಂದೇ ಗಡ್ಡೆ ಆಗಿರುತ್ತವೆ, ಅಂಗಡಿಯವರು ಕುಟ್ಟಿ ಕುಟ್ಟಿ ಬಿಡಿಸ್ತಾ ಇರ್ತಾರೆ.

ತಣ್ಣಗಿರೋ ಎರಡು ಗಟ್ಟಿ ವಸ್ತುಗಳು ಹೀಗೆ ತಾವಾಗೇ ಅಂಟಿಕೊಳ್ಳೋದು ವಿಚಿತ್ರ ಅಲ್ವಾ? ಎರಡು ಕಲ್ಲು ತಾಗಿಸಿದ್ರೆ ಅಂಟಲ್ಲ, ಎರಡು ಇಟ್ಟಿಗೆ ಅಂಟಲ್ಲ. 1850ರಲ್ಲಿ ಲಂಡನ್‌ನಲ್ಲಿ ಒಬ್ಬರು ಇದಕ್ಕೊಂದು ಉತ್ತರ ಹೇಳಿದ್ರು. ಐಸ್ ಮೇಲೆ ಸ್ಕೇಟ್ ಯಾಕೆ ಜಾರುತ್ತೆ ಅನ್ನೋದರ ಗುಟ್ಟಿನ ದೊಡ್ಡ ಭಾಗ ಆ ಉತ್ತರದಲ್ಲೇ ಇತ್ತು. ಆದರೆ ಅದನ್ನು ಬದಿಗಿಟ್ಟು ಜಗತ್ತು ಇನ್ನೊಂದು ಉತ್ತರ ಹಿಡಿದುಕೊಂಡಿತು. ಆ ಇನ್ನೊಂದು ಉತ್ತರ ನಿಮಗೂ ಗೊತ್ತಿರುತ್ತೆ. ಸ್ಕೇಟ್‌ನ ಬ್ಲೇಡ್ ತೆಳ್ಳಗಿದೆ, ಅದರ ಮೇಲೆ ಮನುಷ್ಯನ ತೂಕ ಬೀಳುತ್ತೆ, ಒತ್ತಡ ಹೆಚ್ಚಾಗಿ ಐಸ್ ಕರಗುತ್ತೆ, ಆ ನೀರಿನ ಮೇಲೆ ಸ್ಕೇಟ್ ಜಾರುತ್ತೆ. ಪಿಯುಸಿ ಫಿಸಿಕ್ಸ್‌ನಲ್ಲಿ ನಾನೂ ಇದನ್ನೇ ಬರೆದೆ, ಪೂರ್ತಿ ಮಾರ್ಕ್ಸ್ ಬಂತು. ಆ ಉತ್ತರ ಹೇಗೆ ಹುಟ್ಟಿತು, ಯಾಕೆ ಇಷ್ಟು ಕಾಲ ಬಾಳಿತು ಅನ್ನೋದೇ ಇವತ್ತಿನ ಕಥೆ.

ಮೊದಲು ಸ್ಕೇಟ್ ಬಗ್ಗೆ ಒಂದೆರಡು ಮಾತು. ಮೂರು ಸಾವಿರ ವರ್ಷಕ್ಕೂ ಹಿಂದೆಯೇ ಉತ್ತರ ಯುರೋಪಿನ ಜನ ಪ್ರಾಣಿಗಳ ಕಾಲಿನ ಎಲುಬನ್ನು ಚಪ್ಪಟೆಯಾಗಿ ಉಜ್ಜಿ, ಪಾದಕ್ಕೆ ಕಟ್ಟಿಕೊಂಡು, ಹೆಪ್ಪುಗಟ್ಟಿದ ಕೆರೆಗಳ ಮೇಲೆ ಓಡಾಡ್ತಿದ್ರು. ಶೋಕಿಗಲ್ಲ. ಚಳಿಗಾಲದಲ್ಲಿ ಕೆರೆ ಸುತ್ತಿ ಹೋಗೋ ಬದಲು ನೇರವಾಗಿ ದಾಟಿದರೆ ದಾರಿ ಉಳಿಯುತ್ತೆ. 12ನೇ ಶತಮಾನದಲ್ಲಿ ವಿಲಿಯಂ ಫಿಟ್ಜ್‌ಸ್ಟೀಫನ್ ಅನ್ನೋ ಲೇಖಕ ಲಂಡನ್ ನಗರವನ್ನು ವರ್ಣಿಸುವಾಗ, ಊರಾಚೆಯ ಜೌಗು ಹೆಪ್ಪುಗಟ್ಟಿದಾಗ ಹುಡುಗರು ಕಾಲಿಗೆ ಎಲುಬು ಕಟ್ಟಿಕೊಂಡು ಕಬ್ಬಿಣದ ಮೊನೆಯ ಕೋಲು ಊರಿ ಜಾರ್ತಿದ್ರು ಅಂತ ಬರೆದಿದ್ದಾನೆ.

ಆ ಕೋಲು ಯಾಕೆ ಬೇಕಿತ್ತು? ಎಲುಬಿಗೆ ಚೂಪಾದ ಅಂಚು ಇಲ್ಲ. ಅದು ಮುಂದಕ್ಕೂ ಜಾರುತ್ತೆ, ಪಕ್ಕಕ್ಕೂ ಜಾರುತ್ತೆ. ಹಾಗಾಗಿ ಕಾಲಿನಿಂದ ಒದ್ದು ಮುಂದೆ ಹೋಗೋಕೆ ಆಗಲ್ಲ. ಮುಂದೆ ಡಚ್ಚರು ಮರದ ಅಟ್ಟೆಗೆ ಕಬ್ಬಿಣದ ಬ್ಲೇಡ್ ಕೂರಿಸಿದಾಗ ಆಟವೇ ಬದಲಾಯ್ತು. ಬ್ಲೇಡ್ ಉದ್ದಕ್ಕೆ ಜಾರುತ್ತೆ, ಪಕ್ಕಕ್ಕೆ ಕಚ್ಚುತ್ತೆ. ಪಾದವನ್ನು ಓರೆ ಮಾಡಿ ಪಕ್ಕಕ್ಕೆ ತಳ್ಳಿದರೆ ದೇಹ ಮುಂದಕ್ಕೆ ಹೋಗುತ್ತೆ. ಕೋಲು ಬೇಡವಾಯ್ತು. ಎಲುಬಿನ ಸ್ಕೇಟ್‌ನಿಂದ ಇವತ್ತಿನ ಸ್ಕೇಟ್‌ವರೆಗೆ ಐದು ಜೋಡಿಗಳನ್ನು ಸಂಶೋಧಕರು ನಿಜವಾಗಿಯೂ ಹಾಕಿಸಿ ಅಳೆದು ನೋಡಿದ್ದಾರೆ. ಅಷ್ಟೇ ದೂರ ಹೋಗೋಕೆ ಎಲುಬಿನ ಸ್ಕೇಟ್‌ಗೆ ಬೇಕಾಗ್ತಿದ್ದ ಶಕ್ತಿಯ ಕಾಲು ಭಾಗ ಇವತ್ತಿನ ಸ್ಕೇಟ್‌ಗೆ ಸಾಕಂತೆ.

ಇಷ್ಟೆಲ್ಲಾ ಸುಧಾರಣೆ ಮಾಡಿದ ಕಮ್ಮಾರರಿಗೆ ಐಸ್ ಯಾಕೆ ಜಾರುತ್ತೆ ಅನ್ನೋ ಪ್ರಶ್ನೆಯ ಅಗತ್ಯವೇ ಬಿದ್ದಿರಲಿಲ್ಲ. ಜಾರುತ್ತೆ, ಅಷ್ಟೇ.

ಈಗ 1850ಕ್ಕೆ ಬರೋಣ. ಜೂನ್ 7, ಶುಕ್ರವಾರ. ಲಂಡನ್‌ನ ರಾಯಲ್ ಇನ್‌ಸ್ಟಿಟ್ಯೂಶನ್‌ನಲ್ಲಿ ಶುಕ್ರವಾರ ಸಂಜೆ ಸಾರ್ವಜನಿಕರಿಗೆ ವಿಜ್ಞಾನದ ಉಪನ್ಯಾಸ. ಮಾತಾಡಿದ್ದು ಮೈಕೆಲ್ ಫ್ಯಾರಡೆ. ಕಮ್ಮಾರನ ಮಗ, ಬುಕ್ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಾ, ಬೈಂಡ್ ಮಾಡೋಕೆ ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದವರು. ಡೈನಮೋ, ಮೋಟಾರ್ ಎಲ್ಲಕ್ಕೂ ಅಡಿಪಾಯ ಹಾಕಿದವರು. ಅವರ ಕೈಚಳಕಕ್ಕೆ ಸಾಟಿ ಇರಲಿಲ್ಲ. ಗಣಿತ ಮಾತ್ರ ಅಷ್ಟಾಗಿ ಬರ್ತಿರಲಿಲ್ಲ. ಈ ಕೊನೇ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅವತ್ತು ಫ್ಯಾರಡೆ ಹೇಳಿದ್ದು ನೀವು ಈಗ ಮಾಡಿದ ಪ್ರಯೋಗದ ಬಗ್ಗೆಯೇ. ಅವರ ವಾದ ಹೀಗಿತ್ತು. ಐಸ್‌ನ ಒಳಗಿರೋ ಕಣಕ್ಕೆ ಎಲ್ಲಾ ಕಡೆಯಿಂದಲೂ ಐಸ್‌ನ ಹಿಡಿತ ಇದೆ. ಮೇಲ್ಮೈಯಲ್ಲಿರೋ ಕಣಕ್ಕೆ ಒಂದು ಕಡೆ ಐಸ್, ಇನ್ನೊಂದು ಕಡೆ ಬರೀ ಗಾಳಿ. ಹಾಗಾಗಿ ಮೇಲಿನ ತೆಳು ಪದರ ಗಟ್ಟಿಯಾಗದೆ ನೀರಿನ ಹಾಗೇ ಉಳಿಯುತ್ತೆ. ಎರಡು ತುಂಡು ತಾಗಿಸಿದಾಗ ಆ ಪದರ ಎರಡು ಐಸ್‌ಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತೆ. ಈಗ ಅದಕ್ಕೆ ಎರಡೂ ಕಡೆ ಐಸ್. ತಕ್ಷಣ ಹೆಪ್ಪುಗಟ್ಟುತ್ತೆ, ತುಂಡುಗಳು ಅಂಟುತ್ತವೆ. ಅಂದ್ರೆ ಐಸ್ ತನ್ನ ಮೈಮೇಲೆ ತಾನೇ ಒಂದು ಒದ್ದೆ ಪದರ ಹೊದ್ದುಕೊಂಡಿರುತ್ತೆ. ಯಾರೂ ಒತ್ತಬೇಕಾಗಿಲ್ಲ, ಉಜ್ಜಬೇಕಾಗಿಲ್ಲ.

ಆದರೆ ಅದೇ ಹೊತ್ತಿಗೆ ಇಬ್ಬರು ಅಣ್ಣ ತಮ್ಮಂದಿರು ಬೇರೊಂದು ದಾರಿಯಲ್ಲಿ ಐಸ್‌ಗೆ ಬಂದಿದ್ದರು. ಅಣ್ಣ ಜೇಮ್ಸ್ ಥಾಮ್ಸನ್, ಎಂಜಿನಿಯರ್. ತಮ್ಮ ವಿಲಿಯಂ ಥಾಮ್ಸನ್. ಮುಂದೆ ಲಾರ್ಡ್ ಕೆಲ್ವಿನ್ ಅಂತ ಹೆಸರಾದವರು ಇವರೇ. ನೀರು ಐಸ್ ಆಗುವಾಗ ಹಿಗ್ಗುತ್ತೆ. ಫ್ರೀಜರ್‌ನಲ್ಲಿ ಗಾಜಿನ ಬಾಟಲಿ ಒಡೆದವರಿಗೆ ಇದು ಚೆನ್ನಾಗಿ ಗೊತ್ತು. ಹಿಗ್ಗೋ ವಸ್ತು ಭಾರ ಎತ್ತಬಲ್ಲದು. ಹಾಗಿದ್ರೆ ಬರೀ ಹೆಪ್ಪುಗಟ್ಟಿಸೋದರಿಂದಲೇ ಪುಕ್ಕಟೆ ಕೆಲಸ ಮಾಡಿಸಿಕೊಳ್ಳಬಹುದಲ್ಲ? ಪ್ರಕೃತಿಯಲ್ಲಿ ಪುಕ್ಕಟೆ ಏನೂ ಸಿಗಲ್ಲ. ಈ ಗೊಂದಲ ಬಿಡಿಸೋಕೆ ಇರೋದು ಒಂದೇ ದಾರಿ: ಒತ್ತಡ ಹೆಚ್ಚಾದಂತೆ ಐಸ್ ಕರಗುವ ಬಿಂದು ಶೂನ್ಯಕ್ಕಿಂತ ಕೆಳಗೆ ಇಳಿಯಬೇಕು. 1849ರಲ್ಲಿ ಜೇಮ್ಸ್ ಇದನ್ನು ಲೆಕ್ಕ ಹಾಕಿ ತೋರಿಸಿದರು. ಮರುವರ್ಷ ವಿಲಿಯಂ ಪ್ರಯೋಗ ಮಾಡಿ ಅಳೆದರು. ಅಣ್ಣನ ಲೆಕ್ಕ, ತಮ್ಮನ ಅಳತೆ, ಎರಡೂ ಹೊಂದಿಕೊಂಡವು.

ಇದು ಸುಳ್ಳಲ್ಲ ಅನ್ನೋದನ್ನು ಒತ್ತಿ ಹೇಳ್ತೀನಿ. ಭೌತಶಾಸ್ತ್ರದಲ್ಲಿ ಬರೀ ಯೋಚನೆಯಿಂದ ಹುಟ್ಟಿ ಪ್ರಯೋಗದಲ್ಲಿ ಗೆದ್ದ ಸುಂದರ ಫಲಿತಾಂಶಗಳಲ್ಲಿ ಇದೂ ಒಂದು. ಜೇಮ್ಸ್ ಇದೇ ನಿಯಮ ಹಿಡಿದು ಫ್ಯಾರಡೆಯವರ ಜೊತೆ ವಾದಕ್ಕಿಳಿದರು: ಐಸ್ ತುಂಡುಗಳು ಅಂಟೋದು ಒದ್ದೆ ಪದರದಿಂದಲ್ಲ, ತಾಗುವಾಗ ಆಗೋ ಒತ್ತಡದಿಂದ ಅಂತ. ಫ್ಯಾರಡೆ ಒಪ್ಪಲಿಲ್ಲ. ಒತ್ತಡವೇ ಇಲ್ಲದ ಹಾಗೆ, ನೀರಿನೊಳಗೆ ಐಸ್ ತುಂಡುಗಳನ್ನು ತೇಲಿಬಿಟ್ಟು, ಬರೀ ತಾಗುವಂತೆ ಮಾಡಿ ಹತ್ತು ವರ್ಷ ಕಳೆದ ಮೇಲೂ ಪ್ರಯೋಗ ಮಾಡ್ತಾನೇ ಇದ್ದರು. ಆದರೆ ಒಬ್ಬರ ಹತ್ತಿರ ಸೂತ್ರ ಇತ್ತು, ಇನ್ನೊಬ್ಬರ ಹತ್ತಿರ ಕಣ್ಣಿಗೆ ಕಾಣದ ಪದರದ ಊಹೆ. ಯಾವುದು ಪಠ್ಯಪುಸ್ತಕ ಸೇರುತ್ತೆ ಹೇಳಿ?

ಈ ಸೂತ್ರವನ್ನು ಸ್ಕೇಟ್‌ಗೆ ಅಂಟಿಸಿದ್ದು ಐರ್ಲೆಂಡಿನ ಜಾನ್ ಜೋಲಿ, 1886ರಲ್ಲಿ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು, ಬಹಳ ಚುರುಕು ಬುದ್ಧಿ. ಬಣ್ಣದ ಫೋಟೊ ತೆಗೆಯೋ ವಿಧಾನ ಕಂಡುಹಿಡಿದರು, ಸಮುದ್ರದ ಉಪ್ಪಿನಿಂದ ಭೂಮಿಯ ವಯಸ್ಸು ಲೆಕ್ಕ ಹಾಕೋಕೆ ಹೋದರು. ಬ್ಲೇಡ್ ಐಸ್‌ಗೆ ತಾಗೋದು ತೀರಾ ಸಣ್ಣ ಜಾಗದಲ್ಲಿ ಅಂತ ಇಟ್ಟುಕೊಂಡು ಲೆಕ್ಕ ಮಾಡಿದಾಗ ಅವರಿಗೆ ಸಿಕ್ಕಿದ್ದು 466 ವಾತಾವರಣಗಳಷ್ಟು ಒತ್ತಡ. ಅದರಿಂದ ಕರಗುವ ಬಿಂದು ಮೈನಸ್ 3.5 ಡಿಗ್ರಿಗೆ ಇಳಿಯುತ್ತೆ. ಸರಿ, ಸ್ಕೇಟ್ ಯಾಕೆ ಜಾರುತ್ತೆ ಅಂತ ಗೊತ್ತಾಯ್ತು ಅಂತ ಎಲ್ಲರೂ ಅಂದುಕೊಂಡರು.

ಈಗ ಫೋನ್‌ನಲ್ಲಿ ಕ್ಯಾಲ್ಕುಲೇಟರ್ ತೆಗೆಯಿರಿ. ನಮ್ಮದೇ ಲೆಕ್ಕ ಮಾಡೋಣ. 60 ಕೆಜಿ ತೂಕದವರು ಒಂದು ಕಾಲಲ್ಲಿ ನಿಂತಿದ್ದಾರೆ. ಬ್ಲೇಡ್ 4 ಮಿಲಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದ ಐಸ್‌ಗೆ ತಾಗಿದೆ ಅಂತಿಟ್ಟುಕೊಳ್ಳಿ. ಒಟ್ಟು 8 ಚದರ ಸೆಂಟಿಮೀಟರ್. ಒತ್ತಡ ಬರೋದು ಏಳೂವರೆ ವಾತಾವರಣದ ಆಸುಪಾಸು. ಕರಗುವ ಬಿಂದು ಒಂದೇ ಒಂದು ಡಿಗ್ರಿ ಇಳಿಯೋಕೆ ಸುಮಾರು 130 ವಾತಾವರಣ ಬೇಕು. ಏಳೂವರೆಗೆ ಎಷ್ಟು ಇಳಿಯುತ್ತೆ? ಒಂದು ಡಿಗ್ರಿಯ ಇಪ್ಪತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಬ್ಲೇಡ್‌ನ ಅಂಚು ಮಾತ್ರ ತಾಗುತ್ತೆ, ಜಾಗ ಹತ್ತು ಪಟ್ಟು ಕಡಿಮೆ ಅಂದರೂ ಇಳಿಯೋದು ಅರ್ಧ ಡಿಗ್ರಿಗಿಂತ ಸ್ವಲ್ಪವಷ್ಟೇ ಹೆಚ್ಚು. ಜನ ಸ್ಕೇಟಿಂಗ್ ಮಾಡೋದು ಮೈನಸ್ 7ರಲ್ಲಿ, ಅದಕ್ಕಿಂತ ಚಳಿಯಲ್ಲಿ. ಮೈನಸ್ 7ಕ್ಕೆ ಬೇಕಾಗೋದು ಸುಮಾರು 800 ವಾತಾವರಣ. ಮೈನಸ್ 22ರ ಕೆಳಗಂತೂ ಎಷ್ಟು ಒತ್ತಿದರೂ ಐಸ್ ನೀರಾಗಲ್ಲ, ಬೇರೆ ರೂಪದ ಐಸ್ ಆಗುತ್ತೆ. ಇನ್ನು ಅಗಲವಾದ ಸ್ಕೀ ಹಲಗೆ ಕಟ್ಟಿಕೊಂಡು ಜಾರೋರ ಕಥೆ ಏನು? ಮಾಮೂಲಿ ಚಪ್ಪಟೆ ಬೂಟು ಹಾಕಿಕೊಂಡು ಜಾರಿ ಬೀಳೋರ ಕಥೆ ಏನು? ಅಲ್ಲಿ ಒತ್ತಡ ಇನ್ನೂ ಕಡಿಮೆ.

ಇಷ್ಟು ಲೆಕ್ಕ ಒಂದು ಹಾಳೆಯಲ್ಲಿ ಮುಗಿಯುತ್ತೆ. ಆದರೂ ದಶಕಗಟ್ಟಲೆ ಪುಸ್ತಕದಿಂದ ಪುಸ್ತಕಕ್ಕೆ ಈ ಉತ್ತರ ದಾಟಿಕೊಂಡೇ ಬಂತು. ನಿಯಮ ಸರಿ, ಅದನ್ನು ತಂದು ಹಚ್ಚಿದ ಜಾಗ ತಪ್ಪು. ಇಂಥ ತಪ್ಪು ಹಿಡಿಯೋದೇ ಕಷ್ಟ ಅಂತ ನನಗನ್ನಿಸುತ್ತೆ. ಪೂರ್ತಿ ಸುಳ್ಳಾಗಿದ್ರೆ ಯಾವತ್ತೋ ಸಿಕ್ಕಿಬೀಳ್ತಿತ್ತು.

ಇದು ಬರೀ ಪರೀಕ್ಷೆ ಮಾರ್ಕ್ಸಿನ ವಿಷಯ ಆಗಿರಲಿಲ್ಲ. 1911ರ ಜೂನ್ 27. ಅಂಟಾರ್ಕ್ಟಿಕಾ. ಕ್ಯಾಪ್ಟನ್ ಸ್ಕಾಟ್ ತಂಡದ ಮೂವರು, ಎಡ್ವರ್ಡ್ ವಿಲ್ಸನ್, ಹೆನ್ರಿ ಬವರ್ಸ್ ಮತ್ತು 25ರ ಹುಡುಗ ಆಪ್ಸ್ಲಿ ಚೆರಿ-ಗರಾರ್ಡ್, ಎಂಪರರ್ ಪೆಂಗ್ವಿನ್‌ನ ಮೊಟ್ಟೆ ತರೋಕೆ ಹೊರಟರು. ಪೆಂಗ್ವಿನ್ ಮೊಟ್ಟೆ ಇಡೋದು ಅಲ್ಲಿನ ನಡುಚಳಿಗಾಲದಲ್ಲಿ, ಆಗ ಸೂರ್ಯ ಹುಟ್ಟೋದೇ ಇಲ್ಲ. ಹೋಗಬೇಕಾದ ದೂರ ನೂರು ಕಿಲೋಮೀಟರ್ ಚಿಲ್ಲರೆ. ಎರಡು ಸ್ಲೆಡ್ಜ್, ಅಂದ್ರೆ ಹಿಮದ ಮೇಲೆ ಎಳೆಯೋ ಚಕ್ರವಿಲ್ಲದ ಗಾಡಿಗಳು. ಮುನ್ನೂರು ಕೆಜಿಗೂ ಮಿಕ್ಕ ಸಾಮಾನು. ಎಳೆಯೋರು ಈ ಮೂವರೇ.

ಚಳಿ ಮೈನಸ್ 60ರವರೆಗೆ ಇಳಿಯಿತು. ಮಂಜು ಅಂದ್ರೆ ಜಾರೋದು ಅಂತಲ್ವಾ ನಮ್ಮ ತಲೆಯಲ್ಲಿ ಇರೋದು? ಅಲ್ಲಿ ಜಾರಲೇ ಇಲ್ಲ. ಸ್ಲೆಡ್ಜ್ ಎಳೆದರೆ ಮರಳಿನಲ್ಲಿ ಎಳೆದ ಹಾಗಾಗ್ತಿತ್ತು. ಎರಡೂ ಗಾಡಿಗಳನ್ನು ಒಟ್ಟಿಗೆ ಎಳೆಯೋಕೆ ಆಗದೆ ಒಂದನ್ನು ಸ್ವಲ್ಪ ದೂರ ಎಳೆದು ಬಿಟ್ಟು, ವಾಪಸ್ ನಡೆದು, ಇನ್ನೊಂದನ್ನು ಎಳೆದು ತರಬೇಕಾಯ್ತು. ಒಂದು ಮೈಲಿ ಮುಂದೆ ಹೋಗೋಕೆ ಮೂರು ಮೈಲಿ ನಡಿಗೆ, ಕತ್ತಲೆಯಲ್ಲಿ. ಹೋಗೋಕೇ 19 ದಿನ ಹಿಡಿಯಿತು. ಕೊನೆಗೆ ಮೂರು ಮೊಟ್ಟೆ ಉಳಿಸಿಕೊಂಡು ಮೂವರೂ ಜೀವಂತ ವಾಪಸ್ ಬಂದರು. ಚೆರಿ-ಗರಾರ್ಡ್ ಆಮೇಲೆ ಇದರ ಬಗ್ಗೆ ಒಂದು ಪುಸ್ತಕ ಬರೆದರು, ಹೆಸರು 'ದಿ ವರ್ಸ್ಟ್ ಜರ್ನಿ ಇನ್ ದ ವರ್ಲ್ಡ್'. ಹೆಸರಲ್ಲಿ ಉತ್ಪ್ರೇಕ್ಷೆ ಏನಿಲ್ಲ ಅಂತ ಓದಿದವರೆಲ್ಲ ಹೇಳ್ತಾರೆ.

ಮುಂದಿನ ವರ್ಷ ಮಾರ್ಚ್‌ನಲ್ಲಿ ವಿಲ್ಸನ್ ಮತ್ತು ಬವರ್ಸ್, ಸ್ಕಾಟ್ ಜೊತೆಗೆ ದಕ್ಷಿಣ ಧ್ರುವದಿಂದ ವಾಪಸ್ ಬರ್ತಿದ್ದರು. ಆಗಲೂ ಅದೇ, ಸ್ಲೆಡ್ಜ್ ಜಾರ್ತಿರಲಿಲ್ಲ. ಆಹಾರ ಇಟ್ಟಿದ್ದ ಡಿಪೋ ಇನ್ನು ಹದಿನೆಂಟು ಕಿಲೋಮೀಟರ್ ಇರುವಾಗ ಡೇರೆಯಲ್ಲೇ ಮೂವರೂ ಸತ್ತರು. ಓಝೋನ್ ಪದರದ ರಂಧ್ರದ ಬಗ್ಗೆ ಕೆಲಸ ಮಾಡಿ ಹೆಸರಾದ ವಿಜ್ಞಾನಿ ಸೂಸನ್ ಸಾಲಮನ್, ಆ ವರ್ಷದ ಹವಾಮಾನದ ದಾಖಲೆಗಳನ್ನು ಕೆದಕಿ 2001ರಲ್ಲಿ ಒಂದು ಪುಸ್ತಕ ಬರೆದರು. ಆ ಮಾರ್ಚ್‌ನಲ್ಲಿ ವಾಡಿಕೆಗಿಂತ ಹೆಚ್ಚು ಚಳಿ ಇತ್ತು, ಆ ಚಳಿಯಿಂದಲೇ ಹಿಮ ಜಾರದ ಹಾಗಾಯ್ತು, ದಿನಕ್ಕೆ ಕ್ರಮಿಸೋ ದೂರ ಕಡಿಮೆಯಾಯ್ತು ಅನ್ನೋದು ಅವರ ವಾದ. ಸಾವಿಗೆ ಕಾರಣಗಳು ಹಲವು ಇದ್ದವು, ನಿಜ. ಆದರೆ ಮಂಜು ಯಾವಾಗ ಜಾರುತ್ತೆ, ಯಾವಾಗ ಜಾರಲ್ಲ ಅನ್ನೋದು ಆ ಕೊನೇ ಹದಿನೆಂಟು ಕಿಲೋಮೀಟರ್‌ನಲ್ಲಿ ಜೀವದ ಪ್ರಶ್ನೆಯಾಗಿತ್ತು.

ಒತ್ತಡದ ಉತ್ತರಕ್ಕೆ ಮೊದಲ ದೊಡ್ಡ ಪೆಟ್ಟು ಬಿದ್ದಿದ್ದು 1939ರಲ್ಲಿ. ಕೇಂಬ್ರಿಡ್ಜ್‌ನ ಫಿಲಿಪ್ ಬೌಡನ್ ಮತ್ತು ಹ್ಯೂಸ್. ಬೌಡನ್ ಮೂಲತಃ ಆಸ್ಟ್ರೇಲಿಯಾದ ಟಾಸ್ಮೇನಿಯಾದವರು. ಎರಡು ವಸ್ತುಗಳು ಒಂದಕ್ಕೊಂದು ಉಜ್ಜಿದಾಗ ಏನಾಗುತ್ತೆ ಅನ್ನೋದೇ ಅವರ ಜೀವಮಾನದ ಕೆಲಸ. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್‌ಯೋಕ್‌ನಲ್ಲಿ, ಮೂರು ಸಾವಿರದ ಮುನ್ನೂರು ಮೀಟರ್‌ಗೂ ಎತ್ತರದಲ್ಲಿ, ಐಸ್ ಕೊರೆದ ಗವಿಯೊಳಗೆ ಪ್ರಯೋಗ ಹೂಡಿದರು. ಈಗ ಅಲ್ಲಿಗೆ ನಮ್ಮ ಜನ ರೈಲು ಹತ್ತಿ ಹೋಗಿ ಸೆಲ್ಫಿ ತೆಗೆದುಕೊಂಡು ಬರ್ತಾರೆ.

ಅವರ ಪ್ರಶ್ನೆ ಸರಳವಾಗಿತ್ತು. ಜಾರೋದು ಒತ್ತಡದಿಂದ ಆದರೆ, ಒಂದೇ ತೂಕ, ಒಂದೇ ಅಳತೆಯ ಲೋಹದ ಪಟ್ಟಿಯೂ ಬೇರೆ ವಸ್ತುವಿನ ಪಟ್ಟಿಯೂ ಒಂದೇ ಥರ ಜಾರಬೇಕು. ಹಾಗಾಗಲಿಲ್ಲ. ಶಾಖವನ್ನು ಬೇಗ ಹೀರಿ ಒಯ್ಯೋ ಲೋಹಕ್ಕೆ ಘರ್ಷಣೆ ಜಾಸ್ತಿ ಇತ್ತು, ಶಾಖ ಒಯ್ಯದ ವಸ್ತು ಸಲೀಸಾಗಿ ಜಾರಿತು. ಅಂದ್ರೆ ಶಾಖಕ್ಕೆ ಇಲ್ಲಿ ಪಾತ್ರ ಇದೆ. ಅಂಗೈ ಅಂಗೈ ಉಜ್ಜಿದರೆ ಬಿಸಿಯಾಗಲ್ವಾ, ಹಾಗೆ ಜಾರುವಾಗ ಉಜ್ಜಿ ಹುಟ್ಟೋ ಶಾಖವೇ ಐಸ್ ಕರಗಿಸುತ್ತೆ ಅಂದರು. ತೀರಾ ಚಳಿಯಲ್ಲಿ ಆ ಶಾಖ ಸಾಕಾಗಲ್ಲ. ಅಂಟಾರ್ಕ್ಟಿಕಾದ ಮರಳಿನಂಥ ಹಿಮಕ್ಕೆ ಈಗ ಒಂದು ಅರ್ಥ ಸಿಕ್ಕಿತು.

ಆದರೂ ಒಂದು ತೊಡಕು ಉಳಿಯಿತು. ಐಸ್ ಮೇಲೆ ಕಾಲಿಟ್ಟ ತಕ್ಷಣ, ಇನ್ನೂ ಉಜ್ಜೇ ಇಲ್ಲ, ಆಗಲೇ ಕಾಲು ಹಿಡಿತ ತಪ್ಪುತ್ತಲ್ಲ, ಅದು ಹೇಗೆ?

ಈ ಪ್ರಶ್ನೆಯೇ ಸುತ್ತಿ ಬಳಸಿ ಮತ್ತೆ ಫ್ಯಾರಡೆ ಹತ್ತಿರ ತಂದು ನಿಲ್ಲಿಸಿತು. 1949ರಲ್ಲಿ ಚಾರ್ಲ್ಸ್ ಗರ್ನಿ ಅನ್ನೋರು ಐಸ್‌ನ ಮೇಲ್ಮೈಗೆ ತನ್ನದೇ ಆದ ದ್ರವದಂಥ ಪದರ ಇರಬೇಕು ಅಂತ ಬರೆದರು. ಐವತ್ತರ ದಶಕದಲ್ಲಿ ಜಪಾನಿನ ಉಕಿಚಿರೊ ನಾಕಾಯಾ ಕೈ ಹಾಕಿದರು. ಇವರು 1936ರಲ್ಲಿ ಮೊಲದ ಕೂದಲಿನ ಮೇಲೆ ಜಗತ್ತಿನ ಮೊದಲ ಕೃತಕ ಹಿಮದ ಹರಳು ಬೆಳೆಸಿದವರು. ಅವರೂ ಅವರ ಜೊತೆಗಾರರೂ ಎರಡು ಐಸ್ ಗುಂಡುಗಳನ್ನು ದಾರದಲ್ಲಿ ತೂಗುಬಿಟ್ಟು, ತಾಗಿಸಿ, ಮೆಲ್ಲಗೆ ಎಳೆದು ನೋಡಿದರು. ಗುಂಡುಗಳು ಟಕ್ ಅಂತ ಬಿಡಲಿಲ್ಲ. ಒಂದರ ಮೇಲೊಂದು ಹೊರಳಿ ಆಮೇಲೆ ಬಿಟ್ಟವು, ನಡುವೆ ಏನೋ ಒದ್ದೆ ಇದ್ದ ಹಾಗೆ. ನೂರು ವರ್ಷ ಆದ ಮೇಲೆ ಫ್ಯಾರಡೆಯವರ ಆಟವನ್ನೇ ಮತ್ತೆ ಆಡಿದ್ದು ಇದು. 1996ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಗ್ಯಾಬರ್ ಸೊಮೊರ್ಜೈ ತಂಡ ಐಸ್ ಮೇಲೆ ಎಲೆಕ್ಟ್ರಾನ್‌ಗಳನ್ನು ಚಿಮ್ಮಿಸಿ ನೋಡಿತು. ಶೂನ್ಯಕ್ಕಿಂತ ನೂರು ಡಿಗ್ರಿಗೂ ಹೆಚ್ಚು ಕೆಳಗೆ ಇಳಿದರೂ ಮೇಲ್ಪದರದ ಅಣುಗಳು ಒಳಗಿನವಕ್ಕಿಂತ ಜೋರಾಗಿ ಅಲುಗಾಡ್ತಾನೇ ಇದ್ದವು.

ನನಗೆ ತುಂಬಾ ಇಷ್ಟವಾದ ಪ್ರಯೋಗ 2018ರದ್ದು. ಇಲ್ಲೂ ಇಬ್ಬರು ಅಣ್ಣ ತಮ್ಮಂದಿರು: ಆಮ್‌ಸ್ಟರ್‌ಡ್ಯಾಮ್‌ನ ಡೇನಿಯಲ್ ಬಾನ್, ಜರ್ಮನಿಯ ಮಿಶಾ ಬಾನ್. ಥಾಮ್ಸನ್ ಸಹೋದರರು ಕಟ್ಟಿದ್ದನ್ನು ಬಾನ್ ಸಹೋದರರು ಬಿಚ್ಚಿದರು ಅನ್ನಬಹುದೇನೋ. ಇವರ ತಂಡ ಉಕ್ಕಿನ ಗುಂಡನ್ನು ಐಸ್ ಮೇಲೆ ಉಜ್ಜುತ್ತಾ, ಶೂನ್ಯದಿಂದ ಮೈನಸ್ 100ರವರೆಗೆ ಘರ್ಷಣೆ ಅಳೆಯಿತು. ಮೈನಸ್ 100ರಲ್ಲಿ ಐಸ್ ಜಾರೋದೇ ಇಲ್ಲ. ಬಿಸಿ ಹೆಚ್ಚಿದಂತೆ ಜಾರಿಕೆ ಹೆಚ್ಚುತ್ತೆ, ಮೈನಸ್ 7ರಲ್ಲಿ ಅತಿ ಹೆಚ್ಚು. ಮೇಲೆ ಸಡಿಲವಾಗಿ ನಿಂತ ಅಣುಗಳು ಅಲ್ಲಿ ಗೋಲಿಗಳ ಹಾಗೆ ಉರುಳಾಡುತ್ತವೆ. ಶೂನ್ಯದ ಹತ್ತಿರ ಬಂದರೆ ಮತ್ತೆ ಘರ್ಷಣೆ ಏರುತ್ತೆ, ಯಾಕಂದ್ರೆ ಐಸ್ ಮೆತ್ತಗಾಗಿ ಬ್ಲೇಡ್ ಅದನ್ನು ಉಳುತ್ತಾ ಹೋಗುತ್ತೆ. ಸ್ಪೀಡ್ ಸ್ಕೇಟಿಂಗ್‌ನಲ್ಲಿ ಓಟಗಾರರ ಸ್ಕೇಟ್‌ಗೇ ಅಳತೆ ಯಂತ್ರ ಕಟ್ಟಿ ಡಚ್ಚರು 1992ರಲ್ಲೇ ಇದೇ ಮೈನಸ್ 7ರ ಆಸುಪಾಸಿಗೆ ಬಂದಿದ್ದರು. ಉದ್ದಕ್ಕೆ ಜಾರುವಾಗ ಆ ಘರ್ಷಣೆ ಎಷ್ಟು ಗೊತ್ತಾ? ದೇಹದ ತೂಕದ ಇನ್ನೂರನೇ ಒಂದು ಭಾಗದಷ್ಟು. 60 ಕೆಜಿಯವರನ್ನು ತಡೆಯೋಕೆ ಐಸ್ ಹಾಕೋ ಬಲ ಮುನ್ನೂರು ಗ್ರಾಂ ತೂಕದ್ದು.

ಮುಗೀತು ಅಂದುಕೊಂಡ್ರಾ? ಇಲ್ಲ. 2019ರಲ್ಲಿ ಪ್ಯಾರಿಸ್‌ನ ತಂಡವೊಂದು ಜಾರುವಾಗ ಹುಟ್ಟೋ ಪದರವನ್ನೇ ಅಳೆಯಿತು. ಅದು ಒಂದು ಮೈಕ್ರಾನ್‌ಗಿಂತಲೂ ತೆಳ್ಳಗೆ. ಇನ್ನೂ ಸ್ವಾರಸ್ಯ ಅಂದ್ರೆ ಅದು ಬರೀ ನೀರಲ್ಲ, ಎಣ್ಣೆಯಂತೆ ಮಂದ. ನೀರೂ ಪುಡಿ ಐಸೂ ಕಲಸಿದ ಹಾಗೆ, ನಮ್ಮ ಐಸ್ ಗೋಲಾ ಕರಗೋಕೆ ಶುರುವಾದಾಗ ಇರುತ್ತಲ್ಲ, ಆ ಥರ. 2025ರಲ್ಲಿ ಜರ್ಮನಿಯ ಸಾರ್‌ಲ್ಯಾಂಡ್ ವಿಶ್ವವಿದ್ಯಾಲಯದ ಮಾರ್ಟಿನ್ ಮ್ಯೂಸರ್ ತಂಡ ಕಂಪ್ಯೂಟರ್ ಲೆಕ್ಕದಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒತ್ತಡವೂ ಮುಖ್ಯವಲ್ಲ, ಉಜ್ಜಿದ ಶಾಖವೂ ಮುಖ್ಯವಲ್ಲ. ನೀರಿನ ಅಣುವಿಗೆ ಒಂದು ತುದಿ ಧನ, ಒಂದು ತುದಿ ಋಣ. ಮೇಲೆ ಜಾರೋ ವಸ್ತುವಿನ ಅಣುಗಳ ಎಳೆತಕ್ಕೆ ಸಿಕ್ಕಿ ಐಸ್‌ನ ಅಚ್ಚುಕಟ್ಟಾದ ಸಾಲುಗಳು ಕಲಸಿಹೋಗುತ್ತವೆ, ಚಳಿಯಲ್ಲೂ ಸಹ, ಅಂತ ಅವರ ವಾದ. ಎಲ್ಲರೂ ಒಪ್ಪಿದ್ದಾರಾ? ಇಲ್ಲ, ವಾದ ನಡೀತಾನೇ ಇದೆ. ಮೇಲ್ಮೈಯ ಸಡಿಲ ಪದರ, ಉಜ್ಜಿದ ಶಾಖ, ಈ ಕಲಸಾಟ, ಯಾವುದರ ಪಾಲು ಎಷ್ಟು ಅನ್ನೋದರಲ್ಲೇ ಜಗಳ. ಒತ್ತಡಕ್ಕೆ ಮಾತ್ರ ಈ ಪಾಲುದಾರಿಕೆಯಲ್ಲಿ ಈಗ ದೊಡ್ಡ ಜಾಗ ಇಲ್ಲ.

ಕೊನೆಗೆ ಒಂದು ಮಾತು, ಪಿಯುಸಿ ಓದ್ತಾ ಇರೋರಿಗೆ. ಐಸ್ ಗಡ್ಡೆಯ ಮೇಲೆ ತೂಕ ಕಟ್ಟಿದ ತಂತಿ ಇಟ್ಟರೆ ಅದು ಐಸ್ ಕೊರೆದು ಕೆಳಗೆ ಬರುತ್ತೆ, ಹಿಂದೆ ಐಸ್ ಮತ್ತೆ ಕೂಡಿಕೊಳ್ಳುತ್ತೆ ಅನ್ನೋ ಪ್ರಯೋಗ ಪುಸ್ತಕದಲ್ಲಿದೆಯಲ್ಲ, ಅದು ನಿಜ, ಮನೆಯಲ್ಲೂ ಮಾಡಿ ನೋಡಬಹುದು. ಅದರ ಕೆಳಗೇ ಸ್ಕೇಟಿಂಗ್ ಬಗ್ಗೆ ಒಂದು ಸಾಲು ಬರುತ್ತೆ. ಪರೀಕ್ಷೆಯಲ್ಲಿ ಕೇಳಿದ್ರೆ ಪುಸ್ತಕದಲ್ಲಿರೋದನ್ನೇ ಬರೆಯಿರಿ, ಮಾರ್ಕ್ಸ್ ಕಳೆದುಕೊಳ್ಳೋಕೆ ನಾನು ಹೇಳಲ್ಲ. ಆದರೆ ಕ್ಲಾಸಿನಲ್ಲಿ ಆ ಸಾಲು ಬಂದ ದಿನ 60 ಕೆಜಿ, 8 ಚದರ ಸೆಂಟಿಮೀಟರ್ ಲೆಕ್ಕವನ್ನು ಬೋರ್ಡ್ ಮೇಲೆ ಮಾಡಿ ತೋರಿಸ್ತೀರಾ ಅಂತ ನಿಮ್ಮ ಲೆಕ್ಚರರ್‌ನ ಕೇಳಿ. ಅವರು ಏನಂದ್ರು ಅಂತ ನನಗೊಂದು ವಾಯ್ಸ್ ನೋಟ್ ಕಳಿಸಿ.